ಎತ್ತರ ತಗ್ಗಿಸಿದ ಕಾರುಗಳಲ್ಲಿ ಟೈರುಗಳ ಅಸಮ ಸವೆತ ಮತ್ತು ವೀಲ್ ಅಲೈನ್‌ಮೆಂಟ್: ಅರ್ಜಿದಾರರಿಗೆ ಮಾಹಿತಿ

ನೋಂದಣಿ ನವೀಕರಣಕ್ಕಾಗಿ ತಪಾಸಣೆಗೆ ಹಾಜರುಪಡಿಸಲಾಗುವ ಖಾಸಗಿ ಕಾರುಗಳ ಪೈಕಿ ಕೆಲವು, ದಾಖಲೆಗಳೆಲ್ಲವೂ ಕ್ರಮಬದ್ಧವಾಗಿದ್ದರೂ, ಟೈರುಗಳ ಸ್ಥಿತಿಯ ಕಾರಣದಿಂದಲೇ ಹಿಂತಿರುಗುತ್ತಿವೆ. ಇಂತಹ ವಾಹನಗಳಲ್ಲಿ ಸ್ಪ್ರಿಂಗ್ ಬದಲಾಯಿಸಿ ಎತ್ತರ ತಗ್ಗಿಸಿದ ಕಾರುಗಳು ಮತ್ತೆ ಮತ್ತೆ ಕಂಡುಬರುತ್ತವೆ. ವಾಹನದ ಮಾಲೀಕರಿಗೆ ಇದು ಅನಿರೀಕ್ಷಿತವಾಗಿರುತ್ತದೆ. ಟೈರು ಹೊಸದರಂತೆಯೇ ಇದೆ, ಗೆರೆಗಳು ಆಳವಾಗಿವೆ, ಹೀಗಿರುವಾಗ ತಿರಸ್ಕರಿಸಿದ್ದೇಕೆ ಎಂಬ ಪ್ರಶ್ನೆ ಶಾಖೆಯ ಮೇಜಿನ ಮುಂದೆ ಬರುತ್ತದೆ. ಅವರು ಹೇಳುವುದು ಸುಳ್ಳಲ್ಲ. ಅವರು ನೋಡಿರುವುದು ಟೈರಿನ ಹೊರಭಾಗವನ್ನು. ನಿರೀಕ್ಷಕರು ನೋಡಿರುವುದು ಒಳ ಅಂಚನ್ನು.

ಈ ವ್ಯತ್ಯಾಸ ಏಕೆ ಉಂಟಾಗುತ್ತದೆ, ಅರ್ಜಿ ಸಲ್ಲಿಸುವ ಮೊದಲೇ ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ಕಡತಗಳನ್ನು ನಿರ್ವಹಿಸುವ ಶಾಖೆಯಿಂದ ಬರೆಯಲಾದ ಈ ಟಿಪ್ಪಣಿಯಲ್ಲಿನ ತಾಂತ್ರಿಕ ಅಂಶಗಳನ್ನು ಮೋಟಾರು ವಾಹನ ನಿರೀಕ್ಷಕರಿಂದ ಕೇಳಿ ತಿಳಿದು, ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ನೀಡಲು ಪ್ರಯತ್ನಿಸಲಾಗಿದೆ.

ನಿಯಮಗಳಲ್ಲಿ ಏನಿದೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಅನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. ತಪಾಸಣೆಯಲ್ಲಿ ಟೈರುಗಳಿಗೆ ಅನ್ವಯವಾಗುವುದು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94. ಟ್ರೆಡ್ ಸವೆದು ಒಳಗಿನ ನೂಲಿನ ಪದರ ಹೊರಗೆ ಕಾಣಿಸಿಕೊಂಡಿದ್ದರೆ, ಅಥವಾ ಟೈರಿನ ಯಾವುದಾದರೂ ಭಾಗ ಉಬ್ಬಿಕೊಂಡು ಸದ್ಯದಲ್ಲೇ ಕೆಡುವ ಲಕ್ಷಣ ತೋರುತ್ತಿದ್ದರೆ, ಆ ಟೈರು ಸುಸ್ಥಿತಿಯಲ್ಲಿದೆಯೆಂದು ಪರಿಗಣಿಸಲು ಬರುವುದಿಲ್ಲ. ಕಾರುಗಳ ಟ್ರೆಡ್ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು.

ಟೈರಿನ ಮುಕ್ಕಾಲು ಭಾಗ ಚೆನ್ನಾಗಿದ್ದು ಒಂದು ಅಂಚಿನಲ್ಲಿ ಮಾತ್ರ ನೂಲು ಅಥವಾ ತಂತಿ ಕಾಣಿಸಿಕೊಂಡಿದ್ದರೂ ಆ ಟೈರು ತಿರಸ್ಕಾರಕ್ಕೆ ಅರ್ಹವಾಗುತ್ತದೆ. ನಾಲ್ಕು ಬೆರಳಗಲದ ಟ್ರೆಡ್ಡಿನ ಸರಾಸರಿ ತೆಗೆಯುವ ಪದ್ಧತಿ ಇಲ್ಲಿಲ್ಲ. ಲೆಕ್ಕಪತ್ರದಲ್ಲಿ ಸರಾಸರಿಯಿಂದ ಅನೇಕ ಸಂಗತಿಗಳನ್ನು ಮುಚ್ಚಬಹುದು, ಟೈರಿನಲ್ಲಿ ಸಾಧ್ಯವಿಲ್ಲ. ಸಿಡಿಯುವುದು ಅತ್ಯಂತ ತೆಳುವಾದ ಜಾಗದಲ್ಲಿ.

ಎತ್ತರ ತಗ್ಗಿಸಿದಾಗ ಚಕ್ರಕ್ಕೆ ಆಗುವುದೇನು

ವೇಗದ ಚಾಲನೆಯಲ್ಲಿ ಆಸಕ್ತಿಯುಳ್ಳವರು ತಮ್ಮ ಕಾರಿನ ಮೂಲ ಸ್ಪ್ರಿಂಗ್‌ಗಳನ್ನು ತೆಗೆಸಿ ಗಿಡ್ಡ ಸ್ಪ್ರಿಂಗ್‌ಗಳನ್ನು ಅಥವಾ ಎತ್ತರ ಹೊಂದಿಸಬಹುದಾದ ಕಾಯಿಲೋವರ್‌ಗಳನ್ನು ಹಾಕಿಸುವುದುಂಟು. ಕಾರು ಸಾಮಾನ್ಯವಾಗಿ 30ರಿಂದ 40 ಮಿ.ಮೀ. ಕೆಳಗಿಳಿಯುತ್ತದೆ. ತಿರುವಿನಲ್ಲಿ ಓಲಾಟ ಕಡಿಮೆಯಾಗುವುದು ನಿಜ. ಆದರೆ ಕಾರಿನ ದೇಹ ಇಳಿದಾಗ ಚಕ್ರಗಳು ನಿಂತ ಕೋನಗಳು ಇದ್ದಂತೆಯೇ ಉಳಿಯುವುದಿಲ್ಲ.

ನಮ್ಮ ರಸ್ತೆಗಳಲ್ಲಿರುವ ಬಹುತೇಕ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆ ಇರುತ್ತದೆ. ಚಕ್ರದ ಕೆಳಭಾಗವನ್ನು ಲೋಯರ್ ಆರ್ಮ್ ಹಿಡಿದಿರುತ್ತದೆ, ಮೇಲ್ಭಾಗವನ್ನು ಸ್ಟ್ರಟ್ ಹಿಡಿದಿರುತ್ತದೆ, ಎಡಬಲಕ್ಕೆ ತಿರುಗಿಸುವ ಕೆಲಸವನ್ನು ಟೈ ರಾಡ್ ಮಾಡುತ್ತದೆ. ಕಾರು ಕೆಳಗಿಳಿದಾಗ ಎರಡು ಬದಲಾವಣೆಗಳಾಗುತ್ತವೆ.

ಮೊದಲನೆಯದು ಕ್ಯಾಂಬರ್. ಎದುರಿನಿಂದ ನೋಡಿದಾಗ ಚಕ್ರದ ತಲೆ ಕಾರಿನ ಕಡೆಗೆ ವಾಲಿದ್ದರೆ ಅದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಎತ್ತರ ತಗ್ಗಿಸಿದಾಗ ಈ ವಾಲುವಿಕೆ ಹೆಚ್ಚುತ್ತದೆ. ಸಾಮಾನ್ಯ ಕಾರಿನಲ್ಲಿ ಅರ್ಧ ಡಿಗ್ರಿಯ ಆಸುಪಾಸಿನಲ್ಲಿರುವುದು ಒಂದು ಅಥವಾ ಒಂದೂವರೆ ಡಿಗ್ರಿಯವರೆಗೂ ಹೋಗಬಹುದು. ಇದು ಕಾರಿನಿಂದ ಕಾರಿಗೆ ಬೇರೆಯಾಗಿರುತ್ತದೆ. ಆಗ ಭಾರವು ಟೈರಿನ ಒಳ ಅಂಚಿನ ಮೇಲೆ ಹೆಚ್ಚಾಗಿ ಬೀಳುತ್ತದೆ.

ಎರಡನೆಯದು ಟೋ. ಇದು ಕಣ್ಣಿಗೆ ಕಾಣುವುದಿಲ್ಲ. ಮೇಲಿನಿಂದ ನೋಡಿದಂತೆ ಭಾವಿಸಿಕೊಂಡರೆ, ಎರಡು ಚಕ್ರಗಳ ಮುಂಭಾಗ ಪರಸ್ಪರ ಹತ್ತಿರವಾಗಿದ್ದರೆ ಟೋ ಇನ್, ದೂರವಾಗಿದ್ದರೆ ಟೋ ಔಟ್. ಲೋಯರ್ ಆರ್ಮ್ ಮತ್ತು ಟೈ ರಾಡ್ ಎರಡರ ಉದ್ದವೂ ಒಂದೇ ಅಲ್ಲ, ಅವು ತಿರುಗುವ ಕೇಂದ್ರಗಳೂ ಒಂದೇ ಅಲ್ಲ. ಕಾರು ಇಳಿದಾಗ ಅವೆರಡರ ತುದಿಗಳು ಬೇರೆ ಬೇರೆ ಕಮಾನಿನಲ್ಲಿ ಚಲಿಸುತ್ತವೆ. ಪರಿಣಾಮವಾಗಿ, ಚಾಲಕರು ಸ್ಟೇರಿಂಗ್ ಮುಟ್ಟದಿದ್ದರೂ ಚಕ್ರಗಳು ಕೊಂಚ ತಿರುಗಿಕೊಳ್ಳುತ್ತವೆ. ಸ್ಟೇರಿಂಗ್ ರ‍್ಯಾಕ್ ಚಕ್ರದ ಅಕ್ಷಕ್ಕಿಂತ ಹಿಂದೆ ಇರುವ ಹಲವು ಕಾರುಗಳಲ್ಲಿ ಇದು ಟೋ ಔಟ್ ಕಡೆಗೆ ಸಾಗುತ್ತದೆ.

ನಿಜವಾದ ಕಾರಣ ಯಾವುದು

ಚಕ್ರ ವಾಲಿರುವುದು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಕ್ಯಾಂಬರನ್ನೇ ದೂರುತ್ತಾರೆ. ಗ್ಯಾರೇಜಿನಲ್ಲೂ "ತಗ್ಗಿಸಿದ ಗಾಡಿ ಸಾರ್, ಒಳಗಡೆ ತಿನ್ನೋದೇ" ಎಂಬ ಉತ್ತರ ದೊರೆಯುತ್ತದೆ. ಈ ಉತ್ತರವನ್ನು ಒಪ್ಪಿಕೊಂಡು ಅನೇಕರು ವರ್ಷಕ್ಕೊಂದು ಜೊತೆ ಟೈರು ಕೊಳ್ಳುತ್ತಿದ್ದಾರೆ. ನಿರೀಕ್ಷಕರ ಅಭಿಪ್ರಾಯ ಇದಕ್ಕೆ ಭಿನ್ನವಾಗಿದೆ. ಒಂದೂವರೆ ಡಿಗ್ರಿಯ ಕ್ಯಾಂಬರ್ ಇದ್ದು ಟೋ ಸರಿಯಾಗಿದ್ದರೆ ಟೈರಿನ ಒಳಬದಿ ಹೊರಬದಿಗಿಂತ ಸ್ವಲ್ಪ ಬೇಗ ಸವೆಯುತ್ತದೆ, ಅಷ್ಟೆ. ಕೆಲವೇ ತಿಂಗಳಲ್ಲಿ ತಂತಿ ಹೊರಬರುವಂತೆ ಉಜ್ಜುವುದು ಬಹುಪಾಲು ಟೋ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಚಕ್ರವು ಸಾಗುವ ದಿಕ್ಕಿಗಿಂತ ಕಾಲು ಡಿಗ್ರಿಯಷ್ಟು ಓರೆಯಾಗಿದೆ ಎಂದಿಟ್ಟುಕೊಳ್ಳೋಣ. 17 ಇಂಚಿನ ರಿಮ್ಮಿನ ಅಂಚುಗಳಲ್ಲಿ ಅಳೆದರೆ ಇದು ಸುಮಾರು 2 ಮಿ.ಮೀ. ವ್ಯತ್ಯಾಸ ಮಾತ್ರ, ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಆದರೆ ಆ ಚಕ್ರ ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಅದನ್ನು ಸುಮಾರು 4.4 ಮೀಟರಿನಷ್ಟು ಅಡ್ಡಕ್ಕೆ ಎಳೆದಂತಾಗಿರುತ್ತದೆ. 10,000 ಕಿಲೋಮೀಟರಿಗೆ 44 ಕಿಲೋಮೀಟರು. ಬೆಂಗಳೂರಿನಿಂದ ರಾಮನಗರದ ಸಮೀಪದವರೆಗೆ ಟೈರನ್ನು ಉರುಳಿಸದೆ ಅಡ್ಡವಾಗಿ ರಸ್ತೆಯ ಮೇಲೆ ಎಳೆದುಕೊಂಡು ಹೋದಂತೆ. ರಬ್ಬರು ಬಾಗುವುದರಿಂದ ಇದರಲ್ಲಿ ಒಂದು ಅಂಶ ಕಳೆದುಹೋಗುತ್ತದೆಯಾದರೂ ಉಳಿದದ್ದು ಟೈರಿನ ಆಯುಸ್ಸನ್ನು ತಿನ್ನಲು ಸಾಕು. ಭಾರ ಈಗಾಗಲೇ ಒಳ ಅಂಚಿನ ಮೇಲಿರುವಾಗ ಟೋ ಔಟ್ ಸಹ ಸೇರಿಕೊಂಡರೆ ಉಜ್ಜಾಟವೆಲ್ಲವೂ ಎರಡು ಬೆರಳಗಲದ ಆ ಪಟ್ಟಿಯ ಮೇಲೆಯೇ ನಡೆಯುತ್ತದೆ.

ಕ್ಯಾಂಬರನ್ನು ಸರಿಪಡಿಸಲು ಅನೇಕ ಕಾರುಗಳಲ್ಲಿ ತಯಾರಕರು ಅವಕಾಶವನ್ನೇ ನೀಡಿರುವುದಿಲ್ಲ. ಮುಂದಿನ ಚಕ್ರಗಳ ಟೋವನ್ನು ಮಾತ್ರ ಎಲ್ಲ ಕಾರುಗಳಲ್ಲೂ ಟೈ ರಾಡ್ ತುದಿಯ ನಟ್ ಸಡಿಲಿಸಿ, ತಿರುಗಿಸಿ ಹೊಂದಿಸಬಹುದು. ಹೆಚ್ಚು ಹಾನಿ ಮಾಡುವುದು ಯಾವುದೋ ಅದನ್ನೇ ಸುಲಭವಾಗಿ ಸರಿಪಡಿಸಬಹುದು ಎಂಬುದು ಮಾಲೀಕರಿಗೆ ಸಮಾಧಾನದ ಸಂಗತಿ.

ಹಿಂದಿನ ಚಕ್ರಗಳ ವಿಷಯ ಬೇರೆ. ಸ್ವಿಫ್ಟ್, ಪೋಲೋ ಮುಂತಾದ ಸಣ್ಣ ಕಾರುಗಳ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಕೂಡಿಸುವ ಟಾರ್ಷನ್ ಬೀಮ್ ಇರುತ್ತದೆ. ಅದರಲ್ಲಿ ಹೊಂದಿಸಲು ಏನೂ ಇರುವುದಿಲ್ಲ, ಎತ್ತರ ತಗ್ಗಿಸಿದರೂ ಕೋನಗಳು ಹೆಚ್ಚು ಬದಲಾಗುವುದಿಲ್ಲ. ಆಕ್ಟೇವಿಯಾ ಆರ್‌ಎಸ್, ಬಿಎಂಡಬ್ಲ್ಯು 3 ಸೀರೀಸ್‌ನಂತಹ ಕಾರುಗಳಲ್ಲಿ ಹಿಂದೆಯೂ ಪ್ರತಿ ಚಕ್ರಕ್ಕೆ ಪ್ರತ್ಯೇಕ ಆರ್ಮ್‌ಗಳಿರುತ್ತವೆ. ಇವುಗಳಲ್ಲಿ ಹಿಂದಿನ ಟೈರುಗಳ ಒಳ ಅಂಚೇ ಮೊದಲು ಹೋಗುವುದುಂಟು. ಹಿಂದಿನ ಚಕ್ರಗಳನ್ನು ತಿರುಗಿಸಿ ನೋಡಲು ಬರುವುದಿಲ್ಲವಾದ್ದರಿಂದ ಮಾಲೀಕರಿಗೆ ತಿಳಿಯುವುದೂ ತಡವಾಗಿಯೇ.

ಒಂದು ಪ್ರಕರಣ

ಶಾಖೆಯ ಗಮನಕ್ಕೆ ಬಂದ ಒಂದು ಪ್ರಕರಣವನ್ನು, ಅರ್ಜಿದಾರರ ವಿವರಗಳಿಲ್ಲದೆ, ಇಲ್ಲಿ ಹೇಳುವುದು ಸೂಕ್ತವೆನಿಸುತ್ತದೆ. ಏಕೆಂದರೆ ಇಂತಹ ತಪ್ಪು ಹಲವರಿಂದ ಆಗುತ್ತಿದೆ.

ಯುವ ಅರ್ಜಿದಾರರೊಬ್ಬರು ತಮ್ಮ ತಂದೆಯವರ ಕಾಲದ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಿದ್ದರು. ಕಾರಿಗೆ ಗಿಡ್ಡ ಸ್ಪ್ರಿಂಗ್‌ಗಳನ್ನು ಹಾಕಿಸಿದ್ದರು. ತಪಾಸಣೆಯಲ್ಲಿ ಎರಡೂ ಮುಂದಿನ ಟೈರುಗಳ ಒಳ ಅಂಚಿನಲ್ಲಿ ತಂತಿ ಕಾಣಿಸಿದ್ದರಿಂದ ವಾಹನ ತಿರಸ್ಕೃತವಾಯಿತು. ಸ್ಪ್ರಿಂಗ್‌ಗಳ ಬಗ್ಗೆಯೂ ಆಕ್ಷೇಪ ದಾಖಲಾಯಿತು. ಅವರು ವಿಳಂಬ ಮಾಡಲಿಲ್ಲ. ಮನೆಯಲ್ಲಿ ಎತ್ತಿಟ್ಟಿದ್ದ ಮೂಲ ಸ್ಪ್ರಿಂಗ್‌ಗಳನ್ನು ಮರಳಿ ಹಾಕಿಸಿ, ಎರಡು ಹೊಸ ಟೈರು ಕೊಂಡು ಮರುತಪಾಸಣೆಗೆ ಬಂದರು. ವಾಹನ ತೇರ್ಗಡೆಯಾಯಿತು, ನೋಂದಣಿ ನವೀಕರಣಗೊಂಡಿತು.

ಕೆಲವು ತಿಂಗಳ ನಂತರ ವಿಳಾಸ ಬದಲಾವಣೆಗೆಂದು ಅದೇ ಅರ್ಜಿದಾರರು ಬಂದಾಗ ಹೊಸ ಟೈರುಗಳು ಆಗಲೇ ಕೆಟ್ಟಿವೆಯೆಂದೂ, ಟೈರು ಮಾರಿದವರು ಮೋಸ ಮಾಡಿದ್ದಾರೆಂದೂ ದೂರಿದರು. ಈ ಬಾರಿ ಸವೆದಿದ್ದುದು ಹೊರ ಅಂಚು. ಆವರಣದಲ್ಲಿದ್ದ ನಿರೀಕ್ಷಕರು ಟೈರಿನ ಮೇಲೆ ಅಂಗೈ ಆಡಿಸಿ ನೋಡಿ ಕೇಳಿದ ಪ್ರಶ್ನೆ ಒಂದೇ: ಸ್ಪ್ರಿಂಗ್ ಹಿಂದಕ್ಕೆ ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದ್ದೀರಾ? ಮಾಡಿಸಿರಲಿಲ್ಲ. ಕಾರು ಮೊದಲಿನ ಸ್ಥಿತಿಗೇ ಬಂದಿದೆಯಲ್ಲ, ಇನ್ನೇಕೆ ಎಂದು ಅವರು ಭಾವಿಸಿದ್ದರು.

ಕಾರು ಮೊದಲಿನ ಎತ್ತರಕ್ಕೆ ಬಂದಿತ್ತು. ಟೈ ರಾಡ್ ಬಂದಿರಲಿಲ್ಲ. ಹಿಂದೊಮ್ಮೆ ತಗ್ಗಿಸಿದ ಎತ್ತರದಲ್ಲಿ ಯಾರೋ ಟೋವನ್ನು ಹೊಂದಿಸಿದ್ದರು. ಅದೇ ಅಳತೆಯಲ್ಲಿ ಕಾರನ್ನು ಮೇಲೆತ್ತಿದಾಗ ಚಕ್ರಗಳು ವಿರುದ್ಧ ದಿಕ್ಕಿಗೆ, ಅಂದರೆ ಟೋ ಇನ್ ಕಡೆಗೆ, ಓರೆಯಾಗಿದ್ದವು. ಮೊದಲು ಒಳಗೆ ತಿಂದದ್ದು ಈಗ ಹೊರಗೆ ತಿಂದಿತ್ತು. ಟೈರು ಅಂಗಡಿಯವರ ತಪ್ಪೇನೂ ಇರಲಿಲ್ಲ. ಅರ್ಜಿದಾರರು ಒಟ್ಟು ನಾಲ್ಕು ಟೈರುಗಳನ್ನು ಕಳೆದುಕೊಂಡರು; ಅಲೈನ್‌ಮೆಂಟ್‌ಗೆ ಆಗುತ್ತಿದ್ದ ವೆಚ್ಚ ಅವುಗಳಲ್ಲಿ ಒಂದರ ಬೆಲೆಯ ಒಂದು ಸಣ್ಣ ಭಾಗವಷ್ಟೇ.

ತಪಾಸಣೆಯ ಹಿಂದಿನ ದಿನ ಸ್ಪ್ರಿಂಗ್ ಬದಲಾಯಿಸಿಕೊಂಡು ಬರುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಎತ್ತರವನ್ನು ಯಾವ ಕಡೆಗೆ ಬದಲಾಯಿಸಿದರೂ, ಇಳಿಸಿದರೂ ಏರಿಸಿದರೂ, ಅಲೈನ್‌ಮೆಂಟ್ ಹೊಸದಾಗಿ ಆಗಲೇಬೇಕು. ಹಳೆಯ ಕಾರು ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಮಾರಾಟಗಾರರು ಕಾರನ್ನು ಮೂಲ ಸ್ಥಿತಿಗೆ ತಂದು ಮಾರಿದ್ದರೆ, ಅದು ಹಿಂದೆ ತಗ್ಗಿಸಿದ ಕಾರಾಗಿತ್ತೆಂಬುದು ನೋಂದಣಿ ಪ್ರಮಾಣಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಹೊಸ ಮಾಲೀಕರಿಗೆ ಅದನ್ನು ತಿಳಿಸಬಲ್ಲದ್ದು ಟೈರಿನ ಸವೆತ ಮಾತ್ರ.

ಮನೆಯಲ್ಲಿಯೇ ಪರೀಕ್ಷಿಸುವ ವಿಧಾನ

ಮುಂದಿನ ಟೈರುಗಳನ್ನು ನೋಡಲು ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಒಳ ಅಂಚು ಕಾಣಿಸುತ್ತದೆ. ಹಿಂದಿನ ಟೈರುಗಳಿಗೆ ಮೊಬೈಲ್ ದೂರವಾಣಿಯನ್ನು ಕಾರಿನ ಕೆಳಗೆ ಹಿಡಿದು ಬೆಳಕು ಹಾಕಿ ಛಾಯಾಚಿತ್ರ ತೆಗೆಯುವುದೇ ಸುಲಭ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಂಡುಗಳು ಸವೆತದ ಗುರುತುಗಳು. ಟ್ರೆಡ್ ಅವುಗಳ ಮಟ್ಟಕ್ಕೆ ಇಳಿದಿದ್ದರೆ ಟೈರಿನ ಆಯುಸ್ಸು ಮುಗಿದಿದೆ. ಆಳ ಅಳೆಯುವ ಗೇಜ್ ಇದ್ದಲ್ಲಿ ಒಳಬದಿ, ನಡು, ಹೊರಬದಿ ಎಂದು ಮೂರು ಕಡೆ ಅಳೆಯಬೇಕು. ನಡುವಿನ ಗೆರೆಯೊಂದನ್ನೇ ಅಳೆದು ಸಮಾಧಾನಪಡುವುದು ವ್ಯರ್ಥ.

ಸವೆತದ ರೂಪವೂ ಕಾರಣವನ್ನು ಹೇಳುತ್ತದೆ. ಟ್ರೆಡ್ಡಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿ, ಹಿಂತಿರುಗುವಾಗ ಗರಗಸದ ಹಲ್ಲಿನಂತೆ ತಗುಲಿದರೆ ಅದು ಟೋ ದೋಷದ ಗುರುತು. ಅಂಚು ನುಣುಪಾಗಿಯೇ ಓರೆಯಾಗಿ ಸವೆದಿದ್ದರೆ ಕ್ಯಾಂಬರ್. ಟೈರಿನ ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಂತಿದ್ದು ಓಡುವಾಗ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಶಾಕ್ ಅಬ್ಸಾರ್ಬರ್ ಕ್ಷೀಣಿಸಿರುವ ಸಂಭವ ಹೆಚ್ಚು. ಗಿಡ್ಡ ಸ್ಪ್ರಿಂಗ್‌ಗೆ ಹೊಂದದ ಮೂಲ ಶಾಕ್ ಅಬ್ಸಾರ್ಬರ್ ಬೇಗ ಸೋಲುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದು ಎಚ್ಚರಿಕೆ: ಅಂಗೈ ಆಡಿಸುವ ಮೊದಲು ತಂತಿ ಹೊರಬಂದಿದೆಯೇ ಎಂದು ನೋಡಿಕೊಳ್ಳುವುದು. ಟೈರಿನ ಉಕ್ಕಿನ ತಂತಿ ಸೂಜಿಯಂತೆ ಚುಚ್ಚುತ್ತದೆ.

ಒಳ ಅಂಚು ಬೋಳಾಗಿರುವ ಟೈರು ಒಣ ರಸ್ತೆಯಲ್ಲಿ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮಳೆಗಾಲದಲ್ಲಿ ಆ ಭಾಗದಿಂದ ನೀರು ಹೊರಹೋಗದೆ ಟೈರು ನೀರಿನ ಮೇಲೆ ತೇಲಬಹುದು. ಹೆದ್ದಾರಿಯಲ್ಲಿ ದೀರ್ಘಕಾಲ ವೇಗವಾಗಿ ಸಾಗಿದಾಗ, ತೆಳುವಾದ ಅದೇ ಅಂಚು ಕಾದು ಸಿಡಿಯುವ ಅಪಾಯವಿದೆ. ತಪಾಸಣೆಯಲ್ಲಿ ತಿರಸ್ಕೃತವಾದರೆ ಹೋಗುವುದು ಒಂದು ದಿನ ಮತ್ತು ಸ್ವಲ್ಪ ಹಣ.

ಅಲೈನ್‌ಮೆಂಟ್ ಮಾಡಿಸುವಾಗ

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎಂಬ ಎರಡು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿಂದ ಅನೇಕರು ಅವೆರಡೂ ಒಂದೇ ಎಂದುಕೊಂಡಿದ್ದಾರೆ. ಬ್ಯಾಲೆನ್ಸಿಂಗ್ ಎಂದರೆ ರಿಮ್ಮಿಗೆ ಸಣ್ಣ ತೂಕಗಳನ್ನು ಅಂಟಿಸಿ ನಡುಕ ನಿವಾರಿಸುವುದು. ಅದರಿಂದ ಅಂಚಿನ ಸವೆತ ನಿಲ್ಲುವುದಿಲ್ಲ.

ಅಳತೆಗೆ ಮೊದಲು ಟೈರುಗಳ ಗಾಳಿ ಸರಿಯಿರಬೇಕು, ಡಿಕ್ಕಿಯಲ್ಲಿ ಅನಗತ್ಯ ಭಾರ ಇರಬಾರದು. ಬಾಲ್ ಜಾಯಿಂಟ್, ಬುಷ್, ಟೈ ರಾಡ್ ತುದಿ, ವೀಲ್ ಬೇರಿಂಗ್‌ಗಳಲ್ಲಿ ಸಡಿಲವಿದ್ದರೆ ಮೊದಲು ಅವುಗಳನ್ನು ಬದಲಾಯಿಸಬೇಕು. 15 ವರ್ಷದ ಕಾರಿನಲ್ಲಿ ಇದು ಬಹಳ ಮುಖ್ಯ. ಅಲುಗಾಡುವ ಜಾಯಿಂಟಿನ ಮೇಲೆ ಹೊಂದಿಸಿದ ಟೋ ಮೊದಲ ಹಂಪಿನಲ್ಲೇ ಬದಲಾಗುತ್ತದೆ. ಹಿಂದಿನ ಚಕ್ರಗಳನ್ನು ಹೊಂದಿಸಲು ಅವಕಾಶವಿರುವ ಕಾರುಗಳಲ್ಲಿ ಮೊದಲು ಹಿಂದಿನವು, ಅನಂತರ ಮುಂದಿನವು. ಹೊಸ ಸ್ಪ್ರಿಂಗ್ ಕೆಲವು ದಿನಗಳಲ್ಲಿ ಇನ್ನಷ್ಟು ಕುಳಿತುಕೊಳ್ಳುವುದರಿಂದ, ಅಳವಡಿಸಿದ ದಿನ ಒಮ್ಮೆ ಮತ್ತು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಅಳತೆ ಮಾಡಿಸುವುದು ಉಚಿತ.

ಗಣಕಯಂತ್ರದ ಪರದೆಯ ಮೇಲೆ ಬರುವ ಹಸಿರು ಮತ್ತು ಕೆಂಪು ಬಣ್ಣಗಳು ತಯಾರಕರ ಮೂಲ ಎತ್ತರಕ್ಕೆ ನಿಗದಿಯಾದ ಮಿತಿಗಳನ್ನು ಆಧರಿಸಿವೆ. ತಗ್ಗಿಸಿದ ಕಾರಿನಲ್ಲಿ ಕ್ಯಾಂಬರ್ ಕೆಂಪಾಗಿಯೇ ಉಳಿಯಬಹುದು. ಅದನ್ನು ತೋರಿಸಿ, ಈ ಗಾಡಿಗೆ ಏನೂ ಮಾಡಲು ಬರುವುದಿಲ್ಲವೆಂದು ಕೆಲಸಗಾರರು ಕೈಬಿಟ್ಟರೆ ಒಪ್ಪಬಾರದು. ಟೋ ಅಂಕಿಗಳು ಮಿತಿಯೊಳಗೆ ಬರಲೇಬೇಕೆಂದು, ಎಡ ಮತ್ತು ಬಲ ಸಮನಾಗಿರಬೇಕೆಂದು, ಸ್ಟೇರಿಂಗ್ ನೇರವಾಗಿ ನಿಂತಿರಬೇಕೆಂದು ಕೇಳುವ ಹಕ್ಕು ಹಣ ನೀಡುವವರಿಗಿದೆ. ಮೊದಲಿನ ಮತ್ತು ನಂತರದ ಅಂಕಿಗಳೆರಡೂ ಇರುವ ಮುದ್ರಿತ ಪ್ರತಿಯನ್ನು ಪಡೆದುಕೊಳ್ಳಬೇಕು.

ಸ್ಪ್ರಿಂಗ್ ಕತ್ತರಿಸುವ ಬಗ್ಗೆ

ಗಿಡ್ಡ ಸ್ಪ್ರಿಂಗ್ ಕೊಳ್ಳುವ ಬದಲು ಇರುವ ಸ್ಪ್ರಿಂಗ್‌ನ ಒಂದು ಸುತ್ತನ್ನು ಕತ್ತರಿಸಿ ಕಾರು ಇಳಿಸುವ ಪದ್ಧತಿ ಕೆಲವೆಡೆ ಇದೆ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಹಂಪ್ ದಾಟುವಾಗ ಚಕ್ರ ಕೆಳಗೆ ಜೋತುಬಿದ್ದ ಕ್ಷಣದಲ್ಲಿ ಸ್ಪ್ರಿಂಗ್ ಪೀಠದಿಂದ ಜಾರುವ ಸಂಭವವಿದೆ. ಎಡ ಬಲ ಒಂದೇ ಅಳತೆಗೆ ಕತ್ತರಿಸುವುದೂ ಅಪರೂಪ. ಇಂತಹ ಕಾರಿಗೆ ಯಾವ ಅಲೈನ್‌ಮೆಂಟೂ ನಿಲ್ಲದು. ಇದನ್ನು ಮಾಡಿಸಿರುವವರು ಮೂಲ ಸ್ಪ್ರಿಂಗ್ ಹಾಕಿಸಿಕೊಂಡೇ ತಪಾಸಣೆಗೆ ಬರುವುದು ಎಲ್ಲರಿಗೂ ಒಳ್ಳೆಯದು.

ಮಾರ್ಪಾಡುಗಳ ಕುರಿತು

ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ನೋಂದಣಿ ಪ್ರಮಾಣಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅಧಿನಿಯಮದ ಕಲಂ 52 ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಅವೆರಡನ್ನೂ ವಿಧಿಸಲು 2019ರ ತಿದ್ದುಪಡಿಯು ಕಲಂ 182ಎ ಮೂಲಕ ಅವಕಾಶ ಕಲ್ಪಿಸಿತು. ಆದ್ದರಿಂದ ಎತ್ತರ ತಗ್ಗಿಸಲು ಇಚ್ಛಿಸುವವರು ಹಣ ವೆಚ್ಚ ಮಾಡುವ ಮೊದಲೇ ತಮ್ಮ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಈ ಪುಟದಲ್ಲಿ ಅಲೈನ್‌ಮೆಂಟ್ ಕುರಿತು ಹೇಳಿರುವುದನ್ನು ಮಾರ್ಪಾಡಿಗೆ ನೀಡಿದ ಸಮ್ಮತಿಯೆಂದು ಭಾವಿಸತಕ್ಕದ್ದಲ್ಲ.

ಟೈರುಗಳ ಕಾರಣದಿಂದ ವಾಹನ ತಿರಸ್ಕೃತವಾದಲ್ಲಿ ಯಾವ ಚಕ್ರ, ಯಾವ ಅಂಚು, ಯಾವ ದೋಷ ಎಂಬುದನ್ನು ನಿರೀಕ್ಷಕರಿಂದ ಕೇಳಿ ಬರೆದುಕೊಂಡು ಹೋಗಬೇಕೆಂದು ಅರ್ಜಿದಾರರನ್ನು ಕೋರಲಾಗಿದೆ. ಗ್ಯಾರೇಜಿನವರಿಗೆ ಆ ಒಂದು ಸಾಲು ಬಹಳ ನೆರವಾಗುತ್ತದೆ. ಮರುತಪಾಸಣೆಯ ದಿನ ಅಲೈನ್‌ಮೆಂಟಿನ ಮುದ್ರಿತ ಪ್ರತಿಯನ್ನು ಜೊತೆಗೆ ತಂದು ನಿರೀಕ್ಷಕರಿಗೆ ತೋರಿಸಬಹುದು. ಅದನ್ನು ಅರ್ಜಿಯೊಂದಿಗೆ ಲಗತ್ತಿಸುವ ಅಗತ್ಯವಿಲ್ಲ. ಮುಂದಿನ ಬಾರಿ ಅಳತೆ ಮಾಡಿಸುವಾಗ ಹೋಲಿಸಿ ನೋಡಲು ಬೇಕಾಗುವುದರಿಂದ ಕಾರಿನ ಇತರ ಕಾಗದಪತ್ರಗಳೊಂದಿಗೆ ತಮ್ಮಲ್ಲಿಯೇ ಇಟ್ಟುಕೊಳ್ಳುವುದು.